ಮಾಮಿಯ ಸಂಗೀತಕ್ಕೆ ಕೈಜೋಡಿಸಿದವರಿಗೆಲ್ಲ

ನಮ್ಮ ಮಾಮಿ, ಅಂದರೆ ನನ್ನ ಗಂಡನ ತಾಯಿ, ಕಳೆದ ತಿಂಗಳು ನಮ್ಮನ್ನು ಅಗಲಿ ಕರ್ತನಲ್ಲಿ ನಿದ್ರಿಸಿದರು. ಮಂಗಳೂರಿನ ನಮ್ಮ ಕ್ರೈಸ್ತ ಸಭೆಯಲ್ಲಿ ಮೂರು ತಲೆಮಾರಿನವರಿಗೆ ಅವರು ಆರ್ಗನ್ ಟೀಚರ್. ಶಾಲೆಯಲ್ಲಿ ಅವರಿಂದ ಕನ್ನಡ ಕಲಿತ ಮಕ್ಕಳಿಗೆ ಬರೀ ಟೀಚರ್. ಮನೆಯಲ್ಲಿ ನಾವು ಮಾತನಾಡುವುದು ತುಳು, ಹಾಗಾಗಿ ನನಗೆ ಮೊದಲ ದಿನದಿಂದಲೂ ಮಾಮಿ.

ಅವರ ಕಾಯಿಲೆಯ ಕಾಲದಲ್ಲಿಯೂ ಮಣ್ಣು ಮಾಡಿದ ದಿನವೂ ನಮ್ಮ ಜೊತೆ ನಿಂತವರು ಬಹಳ ಮಂದಿ. ಎಲ್ಲರ ಮನೆಗೂ ಹೋಗಿ ಹೇಳಿ ಬರುವುದು ಸಾಧ್ಯವಿಲ್ಲದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಬರಹ ಸ್ವಲ್ಪ ಉದ್ದವಾಗುತ್ತದೆ. ಸಮಾರಂಭಗಳ ಕೊನೆಯಲ್ಲಿ "ಪ್ರತ್ಯಕ್ಷವಾಗಿ ಪರೋಕ್ಷವಾಗಿ ಸಹಕರಿಸಿದ ಎಲ್ಲರಿಗೂ" ಎಂದು ಒಂದೇ ಉಸಿರಿನಲ್ಲಿ ವಂದನೆ ಮುಗಿಸುವವರನ್ನು ಕಂಡರೆ ಮಾಮಿಗೆ ಆಗುತ್ತಿರಲಿಲ್ಲ. ಯಾರಿಗೆ, ಏತಕ್ಕೆ ಎಂದು ಹೇಳಬೇಕು ಎನ್ನುತ್ತಿದ್ದರು. ಹೆಸರು ಹಾಕುವುದನ್ನು ಕೆಲವರು ಬೇಡವೆಂದಿದ್ದಾರೆ, ಆದ್ದರಿಂದ ಯಾರ ಹೆಸರನ್ನೂ ಬರೆಯುತ್ತಿಲ್ಲ. ಓದಿದಾಗ ನಿಮ್ಮ ನಿಮ್ಮ ಕೆಲಸ ನಿಮಗೆ ಗುರುತು ಸಿಗುತ್ತದೆ.

ಮೊದಲ ವಂದನೆ ನಾನು ಕಣ್ಣಾರೆ ಕಾಣದ ಒಬ್ಬರಿಗೆ, ಮಾಮಿಯ ಅತ್ತೆಗೆ, ಅಂದರೆ ನಮ್ಮ ಅಜ್ಜಿಗೆ. ಮಾಮಿ ಈ ಮನೆಗೆ ಮದುವೆಯಾಗಿ ಬಂದದ್ದು 1970ರ ದಶಕದ ಕೊನೆಯಲ್ಲಿ. ಆಗ ಸಭೆಯ ಆರ್ಗನ್ ನುಡಿಸುತ್ತಿದ್ದ ಹಿರಿಯರಿಗೆ ಕಣ್ಣು ಮಂಜಾಗಿತ್ತು. ಸಭಾಪಾಲಕರು ಮನೆಗೇ ಬಂದು, ಹೊಸ ಸೊಸೆಯನ್ನು ಭಾನುವಾರ ಕಳುಹಿಸಿಕೊಡುತ್ತೀರಾ ಎಂದು ಕೇಳಿದರಂತೆ. ಮನೆ ತುಂಬ ಜನ. ಭಾನುವಾರವೆಂದರೆ ಕೋಳಿ ಸಾರು, ರೊಟ್ಟಿ, ಆರಾಧನೆ ಮುಗಿಸಿ ಬರುವ ನೆಂಟರು. ಸೊಸೆಯಾದವಳು ಎಲ್ಲರಿಗಿಂತ ಮೊದಲೇ ಎದ್ದು ದೇವಾಲಯಕ್ಕೆ ಹೊರಟರೆ ಒಲೆಯ ಮುಂದೆ ನಿಲ್ಲುವವರು ಯಾರು? ಮನೆಯ ಗಂಡಸರು ಯೋಚಿಸುತ್ತ ಕುಳಿತಿದ್ದಾಗ ಅಜ್ಜಿ ಒಳಗಿನಿಂದಲೇ ಹೇಳಿದರಂತೆ: "ಅವಳು ನುಡಿಸಲಿ. ಸಾರು ನಾನು ಮಾಡುತ್ತೇನೆ." ಅಂದಿನಿಂದ ಅಜ್ಜಿಯ ಕೈಕಾಲು ಸೋಲುವವರೆಗೆ ಭಾನುವಾರದ ಅಡುಗೆ ಅಜ್ಜಿಯದೇ ಆಯಿತು. ಅಜ್ಜಿಗೆ ಒಂದು ಸ್ವರವೂ ಗೊತ್ತಿರಲಿಲ್ಲ. ಆದರೆ ನಮ್ಮ ಸಭೆ ನಾಲ್ಕು ದಶಕ ಹಾಡಿದ ಹಾಡಿನಲ್ಲಿ ಆ ಒಂದು ಮಾತಿನ ಪಾಲು ದೊಡ್ಡದು ಎಂದು ಮಾಮಿ ಕೊನೆಯವರೆಗೂ ಹೇಳುತ್ತಿದ್ದರು.

ಅಜ್ಜಿಯಿಂದ ಪಡೆದದ್ದನ್ನು ಮಾಮಿ ನನಗೆ ಕೊಟ್ಟರು. ನನ್ನ ಮಗಳು ಹುಟ್ಟಿದ ವರ್ಷ ಗಾಯನ ವೃಂದ ಬಿಡುತ್ತೇನೆ ಎಂದಾಗ ಅವರು ಒಪ್ಪಲಿಲ್ಲ. ಹೆಂಗಸರ ತಗ್ಗಿನ ಧ್ವನಿಯಾದ ಆಲ್ಟೋ ಸಾಲಿನಲ್ಲಿ ಇರುವುದೇ ಮೂವರು, ನೀನು ಬಿಟ್ಟರೆ ಉಳಿದಿಬ್ಬರು ಹೆದರಿ ಮೇಲಿನ ಧ್ವನಿಯ ಸೋಪ್ರಾನೋಗೆ ಸೇರಿಕೊಳ್ಳುತ್ತಾರೆ ಎಂದರು. ಶನಿವಾರದ ಅಭ್ಯಾಸಕ್ಕೆ ಮಗುವನ್ನೂ ಕರೆದುಕೊಂಡು ಹೋಗಿ, ಆರ್ಗನ್ ಬದಿಯಲ್ಲಿ ಚಾಪೆ ಹಾಸಿ ಮಲಗಿಸುತ್ತಿದ್ದರು. ಕಾಲಿನಿಂದ ಒತ್ತುವ ಆರ್ಗನ್ನಿನ ತಿದಿ ಸದ್ದಿಗೆ ಮಗು ಚೆನ್ನಾಗಿ ನಿದ್ರೆ ಮಾಡುತ್ತಿತ್ತು. ಆ ಮಗುವಿನ ವಿಷಯ ಮುಂದೆ ಬರುತ್ತದೆ.

ಅವರ ಶನಿವಾರ ಹೇಗಿರುತ್ತಿತ್ತು ಎಂಬುದನ್ನು ಹೇಳದಿದ್ದರೆ ಅವರು ಎಂಥವರೆಂದು ಹೇಳಿದ ಹಾಗಾಗುವುದಿಲ್ಲ. ಬೆಳಿಗ್ಗೆ ಮೀನಿನವಳು ಬಾಗಿಲಿಗೆ ಬಂದರೆ ಬಂಗುಡೆಯನ್ನೋ ಬೂತಾಯಿಯನ್ನೋ ತಾವೇ ಆರಿಸಿ, ತಾವೇ ಕೊಯ್ದು ತೊಳೆಯುತ್ತಿದ್ದರು. ಆಮೇಲೆ ಅಂಗಳದ ನಲ್ಲಿಯ ಬಳಿ ಕುಳಿತು ಹುಣಸೆಹಣ್ಣು ತಿಕ್ಕಿ ಕೈ ತೊಳೆಯುವುದು. ಬೆರಳ ಸಂದಿ, ಉಗುರಿನ ಬುಡ, ಅಂಗೈ. ಮೂಸಿ ನೋಡಿ, ಸಾಲದಿದ್ದರೆ ಮತ್ತೊಮ್ಮೆ. ಕೀಲಿಗಳ ಬಿಳಿ ಹಾಳೆಗೆ ಮೀನಿನ ಎಣ್ಣೆ ಅಂಟಿದರೆ ಇರುವೆ ಬರುತ್ತದೆ ಎಂಬುದು ಒಂದು ಕಾರಣ. ಆರಾಧನೆಗೆ ಹೋಗುವ ಕೈ ಶುದ್ಧವಾಗಿರಬೇಕು ಎಂಬುದು ಇನ್ನೊಂದು. ಅಷ್ಟರಲ್ಲಿ ಮರುದಿನದ ಸಂಗೀತಗಳ, ಅಂದರೆ ಆರಾಧನೆಯಲ್ಲಿ ಹಾಡುವ ಹಾಡುಗಳ, ನಂಬರು ಬರುತ್ತಿತ್ತು. ಹಿಂದೆಲ್ಲ ಸಭಾಪಾಲಕರು ಚೀಟಿ ಬರೆದು ಸಂಡೇ ಸ್ಕೂಲಿನ ಹುಡುಗನ ಕೈಯಲ್ಲಿ ಕಳುಹಿಸುತ್ತಿದ್ದರು, ಇತ್ತೀಚೆಗೆ ಮೊಬೈಲಿಗೆ. ಮಾಮಿ ಆ ಐದಾರು ಸಂಗೀತಗಳ ಮಾತುಗಳನ್ನು ಮೊದಲು ಗಟ್ಟಿಯಾಗಿ ಓದುತ್ತಿದ್ದರು. ನುಡಿಸುವುದು ಆಮೇಲೆ.

ಓದುವುದಕ್ಕೆ ಕಾರಣವಿತ್ತು. ನಮ್ಮ ಸಭೆಗಳ ಅರ್ಧಕ್ಕರ್ಧ ರಾಗಗಳು ಜರ್ಮನ್ ಭಾಷೆಗಾಗಿಯೋ ಇಂಗ್ಲಿಷಿಗಾಗಿಯೋ ಹುಟ್ಟಿದವು. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನಿಂದ ಮಂಗಳೂರಿಗೆ ಬಂದ ಮೇಲೆ ಆ ರಾಗಗಳೂ ಬಂದವು, ಅವಕ್ಕೆ ಕನ್ನಡದ ಮಾತು ಹೊಂದಿಸಿದರು. ಕನ್ನಡದಲ್ಲಿ ಹ್ರಸ್ವ ದೀರ್ಘಗಳದ್ದೇ ಒಂದು ನಡೆ. ರಾಗ ಎಳೆಯುವ ಜಾಗದಲ್ಲಿ ಹ್ರಸ್ವಾಕ್ಷರ ಬಿದ್ದರೆ ಜನ ಅದನ್ನು ದೀರ್ಘ ಮಾಡಿಬಿಡುತ್ತಾರೆ, ಅರ್ಥ ಎಲ್ಲಿಗೋ ಹೋಗುತ್ತದೆ. ಮಾಮಿ ಅಂಥ ಜಾಗಗಳಿಗೆಲ್ಲ ತಮ್ಮ ಪುಸ್ತಕದಲ್ಲಿ ಪೆನ್ಸಿಲಿನ ಗುರುತು ಹಾಕಿದ್ದರು. ಅಲ್ಲಿ ಕೈ ಸ್ವಲ್ಪ ಬೇಗ ಎತ್ತುತ್ತಿದ್ದರು, ಜನರ ಬಾಯಿಯೂ ಬೇಗ ಮುಚ್ಚುತ್ತಿತ್ತು. ಅದೇ ಮಿಷನ್ನಿನ ಕಿಟೆಲರು 1894ರ ಕನ್ನಡ ನಿಘಂಟಿಗೆ ಪ್ರಸಿದ್ಧರು, ಆದರೆ ಅವರೇ 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥವನ್ನೂ ಸಂಪಾದಿಸಿ ಅಚ್ಚು ಹಾಕಿಸಿದ್ದರು, ಕ್ರಿಸ್ತನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿಯೇ ಬರೆದಿದ್ದರು. ಕನ್ನಡ ಟೀಚರಿನ ಪಾಠ ಹೇಳುವ ಹುಮ್ಮಸ್ಸಿನಲ್ಲಿ ಮಾಮಿ ಇದನ್ನು ಪ್ರತಿ ಹೊಸ ಸಭಾಪಾಲಕರಿಗೂ ತಪ್ಪದೆ ಹೇಳುತ್ತಿದ್ದರು. ಅದನ್ನು ತಾಳ್ಮೆಯಿಂದ ಕೇಳಿಸಿಕೊಂಡ ಎಲ್ಲ ಅಯ್ಯನವರಿಗೂ ವಂದನೆ. ಜನರಿಗೆ ಗೊತ್ತಿಲ್ಲದ ಸಂಗೀತವನ್ನು ನೀವು ಆರಿಸಿದ ದಿನ ಅವರು ಅದೇ ಅಳತೆಯ ಇನ್ನೊಂದು ಪರಿಚಿತ ರಾಗ ಹಾಕಿ ಹಾಡಿಸಿಬಿಟ್ಟಾಗ ನೀವು ಬೇಸರ ಮಾಡಿಕೊಳ್ಳಲಿಲ್ಲ. ಸಾಲಿಗೆ ಎಂಟು, ಏಳು, ಎಂಟು, ಏಳು ಅಕ್ಷರದಂತೆ ಲೆಕ್ಕ ಹೊಂದಿದರೆ ಅದು ಸಾಧ್ಯ ಎಂಬುದು ನನಗೆ ತಿಳಿದದ್ದೇ ಅವರಿಂದ.

ಅವರ ಅಜ್ಜ ಬಲ್ಮಠದ ಮಿಷನ್ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವರು. 1841ರಲ್ಲಿ ಕಲ್ಲಚ್ಚಿನಿಂದ ಶುರುವಾದ ಆ ಪ್ರೆಸ್ಸಿನಲ್ಲಿಯೇ ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ 1843ರಲ್ಲಿ ಅಚ್ಚಾದದ್ದು. ಪುಸ್ತಕದ ಪುಟದ ಕೆಳಗೆ ಮೊಳೆ ಜೋಡಿಸಿದವನ ಹೆಸರು ಇರುವುದಿಲ್ಲವಲ್ಲ ಎಂದು ಮಾಮಿ ಆಗಾಗ ಹೇಳುತ್ತಿದ್ದರು. ಹೆಸರಿಲ್ಲದೆ ಕೆಲಸ ಮಾಡಿದವರ ಮೇಲೆ ಅವರಿಗೆ ವಿಶೇಷ ಪ್ರೀತಿ. ಸಂಡೇ ಸ್ಕೂಲಿನಲ್ಲಿ ಸೋಲ್ಫಾ, ಅಂದರೆ ದೊ ರೆ ಮಿ ಸ್ವರಗಳನ್ನು ಅಕ್ಷರಗಳಲ್ಲಿ ಬರೆದು ಹಾಡುವ ಕ್ರಮ, ಕಲಿಸುವಾಗ ಸಾರಾ ಗ್ಲೋವರ್ ಎಂಬ ಹೆಂಗಸಿನ ಕಥೆಯನ್ನು ಮೊದಲ ಪಾಠದಲ್ಲೇ ಹೇಳುತ್ತಿದ್ದರು. ಇಂಗ್ಲೆಂಡಿನ ನಾರ್ವಿಚ್ ಪಟ್ಟಣದ ಪಾದ್ರಿಯ ಮಗಳು. ಸ್ವರಲಿಪಿ ಓದಲು ಬಾರದ ಮಕ್ಕಳಿಗೂ ದೇವಾಲಯದ ಹಾಡು ಬರಲಿ ಎಂದು ಗೆರೆಗಳ ಬದಲು ಅಕ್ಷರಗಳಲ್ಲೇ ಸ್ವರ ಬರೆಯುವ ದಾರಿ ಹುಡುಕಿ 1835ರಲ್ಲಿ ಪುಸ್ತಕ ಮಾಡಿದರು. ಜಾನ್ ಕರ್ವೆನ್ ಅದನ್ನು ತಿದ್ದಿ ಬೆಳೆಸಿ ಲೋಕಕ್ಕೆಲ್ಲ ಹಬ್ಬಿಸಿದರು. ಲೋಕಕ್ಕೆ ಕರ್ವೆನ್ ಹೆಸರು ಗೊತ್ತು. ನಮ್ಮ ಸಭೆಯ ಮಕ್ಕಳಿಗೆ ಮಾತ್ರ ಸಾರಾ ಗ್ಲೋವರ್ ಹೆಸರೂ ಗೊತ್ತು, ಅದಕ್ಕೆ ಕಾರಣ ಮಾಮಿ.

ಈಗ ಆರ್ಗನ್ ವಿಷಯ. ಮಂಗಳೂರಿನ ಮಳೆಗಾಲದಲ್ಲಿ ಮರದ ವಾದ್ಯವನ್ನು ಉಳಿಸಿಕೊಳ್ಳುವುದು ಹರಸಾಹಸ. ಜೂನ್ ಬಂತೆಂದರೆ ಮರ ಉಬ್ಬಿ ಕೀಲಿಗಳು ಒತ್ತಿದಲ್ಲೇ ಕೂರುತ್ತವೆ, ತಿದಿಯ ಬಟ್ಟೆ ಬೂಸು ಹಿಡಿಯುತ್ತದೆ, ಸ್ವರ ಹೊರಡಿಸುವ ಹಿತ್ತಾಳೆಯ ನಾಲಿಗೆಯ, ಅಂದರೆ ರೀಡಿನ, ಸಂದಿಯಲ್ಲಿ ಒಂದು ಧೂಳಿನ ಕಣ ಕುಳಿತರೂ ಆ ಸ್ವರ ಮೂಕ. ಮಾಮಿ ಪೆಟ್ಟಿಗೆಯ ಒಳಗೆ ಒಂದು ಸಣ್ಣ ಬಲ್ಬು ಕಟ್ಟಿ ಮಳೆಗಾಲವಿಡೀ ಉರಿಸುತ್ತಿದ್ದರು. ಆ ಬಲ್ಬು ಹೊತ್ತಿಸಿ ಆರಿಸುವ ಕೆಲಸವನ್ನು ಯಾರೂ ಹೇಳದೆ ವರ್ಷಗಟ್ಟಲೆ ಮಾಡಿದ ದೇವಾಲಯದ ಕಾವಲುಗಾರರಿಗೆ ನಮ್ಮ ಮನೆಯವರೆಲ್ಲರ ನಮಸ್ಕಾರ.

ಹಾಗೆಯೇ ರಥಬೀದಿಯ ಬಳಿ ಹಾರ್ಮೋನಿಯಂ ದುರಸ್ತಿ ಮಾಡುವ ಹಿರಿಯರಿಗೆ. ಭಜನಾ ಮಂಡಳಿಗಳ ಪೆಟ್ಟಿಗೆ ನೋಡಿಕೊಳ್ಳುವ ನೀವು, ಕಾಲಿನಿಂದ ಒತ್ತುವ ಇಷ್ಟು ದೊಡ್ಡ ವಾದ್ಯವನ್ನು ಬಿಚ್ಚಿದ್ದು ಮೊದಲು ನಮ್ಮಲ್ಲಿಯೇ. ಕೈ ಹಾರ್ಮೋನಿಯಂ ಗಾಳಿಯನ್ನು ಹೊರಗೆ ನೂಕುತ್ತದೆ, ಇದು ಒಳಗೆ ಎಳೆಯುತ್ತದೆ, ನಾಲಿಗೆ ಮಾತ್ರ ಒಂದೇ ಎಂದು ನೀವು ಹೇಳಿದ ಮಾತನ್ನು ಮಾಮಿ ಎಷ್ಟು ಜನರಿಗೆ ಹೇಳಿದರೋ! ಒಂದೊಂದೇ ರೀಡನ್ನು ಕೊಕ್ಕೆಯಿಂದ ಎಳೆದು, ಮೆತ್ತನೆಯ ಬ್ರಷ್ಷಿನಿಂದ ಒರೆಸಿ, ಊದಿ ನೋಡಿ ಮತ್ತೆ ಕೂರಿಸುವುದನ್ನು ಮಾಮಿ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ನೋಡುತ್ತಿದ್ದರು. ಕ್ರಿಸ್ಮಸ್ಸಿನ ವಾರ ಬಂದು ರಿಪೇರಿ ಮಾಡಿದರೆ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ ನೀವು. ನಮ್ಮ ಮನೆಯ ಗುಲಾಬಿ ಅಚ್ಚಪ್ಪ, ಚಕ್ಕುಲಿ ಒಯ್ಯುತ್ತಿದ್ದಿರಿ. ಈ ವರ್ಷವೂ ತಪ್ಪದೆ ಕಳುಹಿಸುತ್ತೇವೆ.

ಕಳೆದ ವರ್ಷದ ಮಳೆಗಾಲದಲ್ಲಿ ಮಾಮಿಗೆ ಪಾರ್ಶ್ವವಾಯು ಬಡಿಯಿತು. ಬೆಳಿಗ್ಗೆ ಗಂಜಿಯ ಬಟ್ಟಲು ಹಿಡಿಯಲು ಹೋದವರಿಗೆ ಎಡಗೈ ಏಳಲಿಲ್ಲ. ಮಾತು ಉಳಿಯಿತು, ನೆನಪು ಉಳಿಯಿತು, ಎಡಭಾಗ ಹೋಯಿತು. ಆ ಬೆಳಿಗ್ಗೆ ಜಡಿಮಳೆಯಲ್ಲಿ ತಮ್ಮ ಕಾರು ತೆಗೆದು ಆಸ್ಪತ್ರೆಗೆ ಕರೆದೊಯ್ದ ಕೆಳಗಿನ ಮನೆಯ ಬ್ಯಾರಿ ಕುಟುಂಬದವರೇ, ಸಮಯಕ್ಕೆ ಸರಿಯಾಗಿ ತಂದಿರಿ ಎಂದು ವೈದ್ಯರು ಹೇಳಿದ್ದು ನಿಮಗೆ ಸಲ್ಲಬೇಕಾದ ಮಾತು. ನಾವು ಆಸ್ಪತ್ರೆಯಲ್ಲಿದ್ದಷ್ಟು ದಿನ ನಮ್ಮ ಮನೆಯ ಮಕ್ಕಳು ಉಂಡದ್ದು ನಿಮ್ಮ ಮನೆಯಲ್ಲಿ. ವ್ಯಾಯಾಮಕ್ಕೆ ಕರೆದೊಯ್ಯಲು ವಾರಕ್ಕೆ ಮೂರು ಸಲ ಬಂದ ಆಟೋ ಅಣ್ಣ, ಮಾಮಿಯನ್ನು ಕೂರಿಸಿ ಇಳಿಸಲು ನೀವು ಎಂದೂ ಅವಸರ ಮಾಡಲಿಲ್ಲ. ಮನೆಗೇ ಬಂದು ನೋಡಿಕೊಂಡ ನರ್ಸ್ ತಂಗಿ, ಮಲಗಿದವರ ಬೆನ್ನಿಗೆ ಒಂದು ಹುಣ್ಣೂ ಆಗದಂತೆ ನೀನು ಕಾಯ್ದೆ. ರಾತ್ರಿ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ಎದ್ದವಳು ನೀನು. ಮಾಮಿಯ ಮಕ್ಕಳಾದ ನಾವು ಮಾಡಬೇಕಾದದ್ದನ್ನು ಮಾಡಿದೆ ಎಂದು ಹೇಳಿದರೆ ಸಾಲದು, ನಮಗೆ ಮಾಡಲು ಬರದದ್ದನ್ನು ನೀನು ಮಾಡಿದೆ.

ಫಿಸಿಯೋಥೆರಪಿಸ್ಟ್ ಅವರಿಗೆ ಬೇರೆಯೇ ಒಂದು ವಂದನೆ ಇದೆ. ಬೆರಳುಗಳಿಗೆ ಚೆಂಡು ಹಿಸುಕುವ ವ್ಯಾಯಾಮ ಹೇಳಿಕೊಡುವಾಗ ಮಾಮಿ ಮುಖ ತಿರುಗಿಸಿಕೊಂಡದ್ದನ್ನು ಕಂಡು, ಇವರು ಏನು ಕೆಲಸ ಮಾಡುತ್ತಿದ್ದರು ಎಂದು ನೀವು ಕೇಳಿದಿರಿ. ಮರುದಿನದಿಂದ ಚೆಂಡಿನ ಜಾಗಕ್ಕೆ ಕೀಬೋರ್ಡ್ ಬಂತು. ಅದನ್ನು ಎರವಲು ಕೊಟ್ಟವರು ಕಥೋಲಿಕ ಸಭೆಯ ಗಾಯನ ವೃಂದದ ಮಾಸ್ಟರರು. ಇನ್ನೂ ನಮ್ಮಲ್ಲಿಯೇ ಇದೆ, ವಾಪಸು ಕೇಳಲಿಲ್ಲ ನೀವು.

ನಮ್ಮ ಸಂಗೀತಗಳು ನಾಲ್ಕು ಧ್ವನಿಯವು. ಮೇಲಿನ ಸೋಪ್ರಾನೋ ಆಲ್ಟೋ ಎರಡೂ ಬಲಗೈಗೆ, ಕೆಳಗಿನ ಟೆನರ್ ಬೇಸ್ ಎರಡೂ ಎಡಗೈಗೆ. ಮಾಮಿಯ ಬಲಗೈ ಮೊದಲಿನ ಹಾಗೆಯೇ ಇತ್ತು. ಎಡಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ಬರೀ ರಾಗ ನುಡಿಸಿ ಸಾಕೆನ್ನುವವರಲ್ಲ ಅವರು, ತಳವಿಲ್ಲದೆ ಮಾಡು ಕಟ್ಟುತ್ತೀರಾ ಎನ್ನುವವರು. ಚಾಪೆಯ ಮೇಲೆ ನಿದ್ರಿಸುತ್ತಿದ್ದ ಮಗುವಿನ ವಿಷಯ ಹೇಳಿದ್ದೆನಲ್ಲ, ಈಗ ಹೈಸ್ಕೂಲು ಓದುವ ಆ ನನ್ನ ಮಗಳು ಅಜ್ಜಿಯ ಎಡಕ್ಕೆ ಕುಳಿತಳು. ಅವಳಿಗೆ ಅಜ್ಜಿ ಕಲಿಸಿದ್ದು ಎಡಗೈಯ ಭಾಗ ಮಾತ್ರ. ಮೊದಲಿಗೆ ಬೇಸ್ ಒಂದೇ, ಅದು ಕೂತ ಮೇಲೆ ಟೆನರ್. ಇಬ್ಬರೂ ಒಂದೇ ಸಲ ಉಸಿರು ಎಳೆದು, ಒಂದೇ ಸಲ ಬಿಟ್ಟು ನುಡಿಸಬೇಕು. ತಪ್ಪಿದಾಗ ಮಾಮಿ ಮೊಣಕೈಯಿಂದ ತಿವಿಯುತ್ತಿದ್ದರು. ಈ ವರ್ಷದ ಶುಭ ಶುಕ್ರವಾರ, ಶಿಲುಬೆಯ ಏಳು ಮಾತುಗಳ ಮೂರು ಗಂಟೆ ಹೊತ್ತಿನ ಆರಾಧನೆಯಲ್ಲಿ ಅವರಿಬ್ಬರೂ ಸೇರಿ ಒಂದು ಸಂಗೀತ ನುಡಿಸಿದರು. ಗಾಲಿಕುರ್ಚಿಯನ್ನು ಆರ್ಗನ್ನಿನ ಮುಂದೆ ತಂದು ನಿಲ್ಲಿಸಲು ಬೆಂಚು ಸರಿಸಿ ಜಾಗ ಮಾಡಿದ ಯೌವನಸ್ಥರ ಸಂಘದ ಹುಡುಗರೇ, ತಿದಿ ಒತ್ತಲು ಮಾಮಿಯ ಕಾಲಿನ ಜಾಗದಲ್ಲಿ ಕುಳಿತ ಹುಡುಗನೇ, ನಿಮ್ಮನ್ನು ಮರೆಯಲಾರೆ. ಒಂದು ಸಂಗೀತಕ್ಕೆ ಮೂವರು ಬೇಕಾದರು ಆ ದಿನ. ಮಾಮಿ ಒಬ್ಬರೇ ಎಷ್ಟು ಕೆಲಸ ಮಾಡುತ್ತಿದ್ದರು ಎಂಬುದು ಸಭೆಗೆ ಕಣ್ಣಿಗೆ ಕಾಣುವ ಹಾಗೆ ಆಯಿತು.

ಶನಿವಾರದ ಸೋಲ್ಫಾ ತರಗತಿಯೂ ನಿಲ್ಲಲಿಲ್ಲ. ಮಕ್ಕಳು ನಮ್ಮ ಮನೆಯ ಜಗಲಿಗೇ ಬಂದರು. ಕರ್ವೆನ್ನರ ಕೈಸನ್ನೆಗಳಿಗೆ ಒಂದೇ ಕೈ ಸಾಕು. ದೊ ಎಂದರೆ ಬಿಗಿಹಿಡಿದ ಮುಷ್ಟಿ, ಮಿ ಎಂದರೆ ನೆಲಕ್ಕೆ ಸಮನಾದ ಅಂಗೈ, ತಿ ಎಂದರೆ ಮೇಲಕ್ಕೆ ತೋರಿಸುವ ತೋರುಬೆರಳು. ಮಾಮಿ ಮಂಚದ ಮೇಲಿನಿಂದ ಬಲಗೈ ಎತ್ತಿ ಸನ್ನೆ ಮಾಡುತ್ತಿದ್ದರು, ಕಿಟಕಿಯ ಆಚೆ ಮಕ್ಕಳು ಹಾಡುತ್ತಿದ್ದರು. ರಜೆಯ ದಿನ, ಆಟ ಬಿಟ್ಟು ಕಾಯಿಲೆಯ ಮನೆಗೆ ಮಕ್ಕಳನ್ನು ಕಳುಹಿಸಿದ ತಂದೆತಾಯಿಗಳಿಗೆ ವಂದನೆಗಳು. ಕಾಯಿಲೆಯ ಮನೆಯಲ್ಲಿ ಮಕ್ಕಳ ಗಲಾಟೆ ಬೇಡ ಎಂದು ಕೆಲವರು ಬುದ್ಧಿ ಹೇಳಿದ್ದರು. ಆ ಗಲಾಟೆ ಇಲ್ಲದಿದ್ದರೆ ನಮ್ಮ ಮನೆ ಆ ವರ್ಷವನ್ನು ಹೇಗೆ ದಾಟುತ್ತಿತ್ತೋ ನಾನು ಊಹಿಸಲಾರೆ.

ಮಣ್ಣಿನ ದಿನ. ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಸಮಾಧಿ ತೋಡಿದವರು ಒಳಗೆ ನಿಂತ ನೀರನ್ನು ಮತ್ತೆ ಮತ್ತೆ ಮೊಗೆದು ಹಾಕುತ್ತಿದ್ದುದನ್ನು ನಾನು ನೋಡಿದೆ. ಶವಪೆಟ್ಟಿಗೆ ಇಳಿಸುವ ಹೊತ್ತಿಗೆ ತಳ ಒಣಗಿರಲಿ ಎಂದು ಹಾಳೆ ಹಾಸಿದವರು ನೀವೇ. ನಿಮ್ಮ ಕೂಲಿ ಕೊಟ್ಟಿದ್ದೇವೆ, ಆದರೆ ಆ ಹಾಳೆಗೆ ಕೂಲಿ ಇಲ್ಲ. ಸ್ತ್ರೀ ಸಭೆಯ ಅಕ್ಕಂದಿರು ರಾತ್ರಿಯಿಡೀ ಕೂತು ಹಾಡಿದಿರಿ, ಬಂದವರಿಗೆಲ್ಲ ಚಹಾ ಕಾಸಿದಿರಿ, ಮಾಮಿಗೆ ಅವರಿಷ್ಟದ ಬಿಳಿ ಸೀರೆ ಉಡಿಸಿದಿರಿ.

ಗಾಯನ ವೃಂದದವರಿಗೆ ಏನು ಹೇಳಲಿ? ಶವಸಂಸ್ಕಾರದ ಸಂಗೀತವನ್ನು ಜನ ದುಃಖದಿಂದ ಎಳೆದು ಎಳೆದು ಹಾಡುವುದು ಮಾಮಿಗೆ ಸಹಿಸುತ್ತಿರಲಿಲ್ಲ. ಅದು ಪುನರುತ್ಥಾನದ ನಂಬಿಕೆಯ ಹಾಡು, ನಡೆದು ಹೋಗುವವರ ಹೆಜ್ಜೆಯಲ್ಲಿರಬೇಕು ಎನ್ನುತ್ತಿದ್ದರು. ಸಭೆಯ ಕೊನೆಯ ಬೆಂಚಿನವರು ಅರ್ಧ ಮಾತ್ರೆ ಹಿಂದೆ ಬೀಳುತ್ತಾರೆಂದು ಆರ್ಗನ್ನಿನ ಎಡ ಪೆಡಲನ್ನು ಗಟ್ಟಿಯಾಗಿ ತುಳಿದು ನೆನಪಿಸುತ್ತಿದ್ದರು. ಅಂದು ನೀವೆಲ್ಲ ಅಳುತ್ತಿದ್ದಿರಿ, ಆದರೂ ನಡೆ ಬಿಡಲಿಲ್ಲ. ಸ್ಮಶಾನದ ಗೇಟಿನಿಂದ ಸಮಾಧಿಯವರೆಗೆ, ವಾದ್ಯವಿಲ್ಲದೆ, ನಾಲ್ಕು ಧ್ವನಿಯಲ್ಲಿ, ಒಂದು ಮಾತ್ರೆಯೂ ಜಾರದೆ ಹಾಡಿದಿರಿ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದು ನೇರ ಟೆನರ್ ಸಾಲಿಗೆ ನಿಂತ ಅವರ ಹಳೆಯ ಶಿಷ್ಯರೇ, ದುಬೈಯಿಂದ, ಮಸ್ಕತ್ತಿನಿಂದ ಫೋನಿನಲ್ಲಿ ಕೇಳುತ್ತ ಜೊತೆಗೆ ಹಾಡಿದವರೇ, ನಮ್ಮ ಮನೆಗೆ ಇದಕ್ಕಿಂತ ದೊಡ್ಡ ಸಾಂತ್ವನ ಬೇರೆ ಸಿಗಲಿಲ್ಲ.

ಕೃತಜ್ಞತೆಯ ನಡುವೆಯೇ ಒಂದು ಮಾತು ಹೇಳಬೇಕು, ಮಾಮಿ ಇದ್ದಿದ್ದರೆ ಬೇಡವೆನ್ನುತ್ತಿದ್ದರೇನೋ. ದೇವಾಲಯದಲ್ಲಿ ನುಡಿಸುವವರಿಗೆ, ಅದರಲ್ಲೂ ಹೆಂಗಸರಿಗೆ, ಇದು ಸೇವೆಯಲ್ಲವೇ ಎಂದು ನಾವು ಬಹಳ ಸುಲಭವಾಗಿ ಹೇಳಿಬಿಡುತ್ತೇವೆ. ಸೇವೆಯೇ ಹೌದು. ಆದರೆ ಅಭ್ಯಾಸಕ್ಕೆ ಸಮಯ ಬೇಕು, ಪುಸ್ತಕಕ್ಕೆ ದುಡ್ಡು ಬೇಕು, ಮನೆಯಲ್ಲಿ ಮಗು ಹಿಡಿಯುವ ಕೈ ಬೇಕು. ಮಾಮಿಗೆ ಅತ್ತೆ ಸಿಕ್ಕಿದರು, ನನಗೆ ಮಾಮಿ ಸಿಕ್ಕಿದರು. ಸಿಗದ ಹೆಣ್ಣುಮಕ್ಕಳು ಪ್ರತಿ ಸಭೆಯಲ್ಲಿಯೂ ಇದ್ದಾರೆ, ಅವರ ಆಲ್ಟೋ ಅಡುಗೆಮನೆಯಲ್ಲಿಯೇ ಉಳಿದಿದೆ. ಕಲಿಯಬಯಸುವ ಸೊಸೆಯಂದಿರನ್ನು ಶನಿವಾರ ಸಂಜೆ ಕಳುಹಿಸಿಕೊಡಿ ಎಂದು ನಮ್ಮ ಸಭೆಯ ಎಲ್ಲ ಮನೆಗಳನ್ನೂ ಕೇಳಿಕೊಳ್ಳುತ್ತೇನೆ. ನುಡಿಸುವವರಿಗೆ ಗೌರವಧನ ಕೊಡುವ ವಿಷಯವನ್ನು ಈ ಸಲದ ಸಭಾ ಕಮಿಟಿಯ ಮುಂದೆ ಇಡಲು ಒಪ್ಪಿದ ಹಿರಿಯರಿಗೆ ಮುಂಚಿತವಾಗಿಯೇ ವಂದನೆ.

ನನ್ನ ಮಾವನವರಿಗೂ ಇಲ್ಲಿಯೇ ಹೇಳಿಬಿಡುತ್ತೇನೆ, ಎದುರಿಗೆ ಹೇಳಿದರೆ ಎದ್ದು ಹೋಗುತ್ತಾರೆ. ಹಂಚಿನ ಕಾರ್ಖಾನೆಯ ಪಾಳಿ ಮುಗಿಸಿ ಬಂದು, ಧೂಳು ತೊಳೆದುಕೊಂಡು, ಸೈಕಲ್ಲಿನಲ್ಲಿ ಹೆಂಡತಿಯನ್ನು ಅಭ್ಯಾಸಕ್ಕೆ ಬಿಟ್ಟು ಹೊರಗೆ ಕಟ್ಟೆಯ ಮೇಲೆ ಕಾಯುತ್ತಿದ್ದವರು ನೀವು. ಒಳಗೆ ಬನ್ನಿ ಎಂದರೆ ಇಲ್ಲಿಗೇ ಚೆನ್ನಾಗಿ ಕೇಳುತ್ತದೆ ಎನ್ನುತ್ತಿದ್ದಿರಂತೆ. ಕಳೆದ ಒಂದು ವರ್ಷ ಪ್ರತಿ ಬೆಳಿಗ್ಗೆ ಮಾಮಿಯ ತಲೆ ಬಾಚಿ ಜಡೆ ಹಾಕಿದ್ದು ನೀವೇ. ಆ ಕೆಲಸವನ್ನು ನರ್ಸಿಗೂ ನನಗೂ ಬಿಟ್ಟುಕೊಡಲಿಲ್ಲ.

ಹೂವಿನ ಬದಲು ಆರ್ಗನ್ ನಿಧಿಗೆ ಕಾಣಿಕೆ ಕೊಡಿ ಎಂಬ ನಮ್ಮ ಕೋರಿಕೆಯನ್ನು ಬಹಳ ಜನ ನಡೆಸಿಕೊಟ್ಟಿರಿ. ತಿದಿಗೆ ಹೊಸ ಬಟ್ಟೆ ಹಾಕಿಸಲು ಅದು ಸಾಕಾಗುತ್ತದೆ ಎಂದು ರಥಬೀದಿಯ ಹಿರಿಯರು ಹೇಳಿದ್ದಾರೆ, ಮಳೆ ಪೂರ್ತಿ ನಿಂತ ಮೇಲೆ ಕೆಲಸ ಶುರುವಾಗುತ್ತದೆ. ಅಷ್ಟರವರೆಗೆ ಭಾನುವಾರಗಳಲ್ಲಿ ಎರವಲು ತಂದ ಕೀಬೋರ್ಡಿನಲ್ಲಿಯೇ ಆರಾಧನೆ. ಮಗಳು ಈಗ ಬಲಗೈಯ ಭಾಗ ಕಲಿಯುತ್ತಿದ್ದಾಳೆ. ಮಾಮಿಯ ಪೆನ್ಸಿಲ್ ಗುರುತುಗಳಿರುವ ಸಂಗೀತ ಪುಸ್ತಕವನ್ನು ಪುಟ ಪುಟವಾಗಿ ಫೋಟೋ ತೆಗೆಯುತ್ತಿದ್ದೇವೆ. ಅವರು ಕೈಯಲ್ಲಿ ಬರೆದುಕೊಟ್ಟ ಸೋಲ್ಫಾ ಹಾಳೆಗಳು ನಿಮ್ಮಲ್ಲಿ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಒಂದು ದಿನದ ಮಟ್ಟಿಗೆ ಕೊಡಿ, ಪ್ರತಿ ಮಾಡಿಕೊಂಡು ಹಿಂದಿರುಗಿಸುತ್ತೇವೆ. ಶನಿವಾರ ಸಂಜೆ ನಾಲ್ಕು ಗಂಟೆಯ ತರಗತಿ ನಮ್ಮ ಜಗಲಿಯಲ್ಲಿ ಮುಂದುವರಿಯುತ್ತದೆ. ಯಾವ ಸಭೆಯ ಮಕ್ಕಳೂ ಬರಬಹುದು, ದೊಡ್ಡವರೂ ಬರಬಹುದು. ಪುಸ್ತಕ ತರಬೇಕಾಗಿಲ್ಲ, ಇಲ್ಲಿ ಇವೆ.